ನೀರು ಚಿಮುಕಿಸದ ಮಲ್ಲಿಗೆ

ಇದು ಆಗುವ ಕೆಲಸ ಅಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ಕಾರ್ಕಳ–ಉಡುಪಿ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಆಯುಷ್ಯ ಕಳೆದವರು. ಮುಖ ನೋಡಿದರೆ ಸಾಕು, ಯಾರು ಎಲ್ಲಿ ಇಳಿಯುತ್ತಾರೆಂದು ಹೇಳಬಲ್ಲೆ ಎಂಬ ನಂಬಿಕೆ ಅವರದು. ನಾನು ಪಿಯುಸಿಗೆ ಸೇರಿದಾಗ, "ಇದು ಹಿರಿಯಡ್ಕದಲ್ಲೇ ಇಳಿಯುವ ಪ್ಯಾಸೆಂಜರ್, ಉಡುಪಿ ತನಕ ಬರುವುದಿಲ್ಲ" ಎಂದಿದ್ದರು. ಎಂಜಿನಿಯರಿಂಗ್ ಮುಗಿಸಿದೆ. ಪೇಟೆಂಟ್ ಏಜೆಂಟ್ ಪರೀಕ್ಷೆಗೆ ಕುಳಿತಾಗ, ಅದೆಲ್ಲ ದೊಡ್ಡವರ ಮನೆಯ ಮಕ್ಕಳಿಗೆ ಎಂದರು. ಒಂದು ಸಲ ಬಿದ್ದು ಮರುಸಲ ಪಾಸಾದೆ. ಪ್ರತಿ ಸಲವೂ ಫಲಿತಾಂಶ ಬಂದ ದಿನ ಮೊದಲು ಸಿಹಿ ಹಿಡಿದುಕೊಂಡು ಬಂದವರೂ ಅವರೇ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಭಾವನ ಹೂವಿನ ಪೆಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದೇನೆ ಎಂದಾಗ ಮಾವ ನಕ್ಕೇ ನಕ್ಕರು. "ಹೂ ಹಾಕುವ ಪೆಟ್ಟಿಗೆಗೆ ಸರಕಾರ ಸರ್ಟಿಫಿಕೇಟ್ ಕೊಡ್ತದಾ? ಇವತ್ತು ಪೆಟ್ಟಿಗೆಗೆ ಕೊಟ್ಟರೆ ನಾಳೆ ಚೊಂಬಿಗೂ ಕೊಡ್ಬೇಕಾಗ್ತದೆ. ಆಗುವ ಮಾತು ಹೇಳು ಮಾರಾಯ್ತಿ."

ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಕಾಲೇಜಿನ ಮುಖ ನೋಡಿದ ಮೊದಲನೆಯವಳು ನಾನು. ಅಪ್ಪ ಕಾರ್ಕಳದ ಕಲ್ಲಿನ ಕೋರೆಯಲ್ಲಿ ಕೆಲಸ ಮಾಡುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದರು. ನಾನು ಓದುವಾಗ ಅಮ್ಮ ಎದುರಿಗೆ ಕುಳಿತು ಕಟ್ಟುತ್ತಿದ್ದರು, ನನ್ನ ಕಣ್ಣು ಮುಚ್ಚಿದರೆ ಕತ್ತರಿಯಿಂದ ಸೂಪನ್ನು, ಮಡಿಲಲ್ಲಿಟ್ಟ ಬೀಡಿಯ ಮೊರವನ್ನು, ಟಕಟಕ ಬಡಿಯುತ್ತಿದ್ದರು. ಅಕ್ಕ ನನಗಿಂತ ಚುರುಕು. ಆದರೆ ಇಬ್ಬರನ್ನೂ ಓದಿಸುವ ಶಕ್ತಿ ಮನೆಗೆ ಇರಲಿಲ್ಲ, ಅವಳು ಹತ್ತಕ್ಕೇ ನಿಲ್ಲಿಸಿ ಅಮ್ಮನ ಪಕ್ಕದಲ್ಲಿ ಕುಳಿತಳು. ಆಮೇಲೆ ಶಂಕರಪುರಕ್ಕೆ ಮದುವೆಯಾಗಿ ಹೋದಳು, ಬೀಡಿ ಬಿಟ್ಟು ಮಲ್ಲಿಗೆ ಕಟ್ಟಲು ಕಲಿತಳು. ನಾನು ಮಣಿಪಾಲದಲ್ಲಿ ಒಬ್ಬ ಹಿರಿಯ ಪೇಟೆಂಟ್ ವಕೀಲೆಯ ಕಚೇರಿ ಸೇರಿದೆ. ಅವರನ್ನು ನಾವು ಮೇಡಂ ಎಂದಷ್ಟೇ ಕರೆಯುವುದು.

ಅಕ್ಕನ ಗಂಡ, ನನ್ನ ಭಾವ, ಐಟಿಐ ಓದಿ ಗಲ್ಫಿನಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದವರು. ಅಲ್ಲಿ ನಮ್ಮ ಊರಿನವರು ಪೂಜೆಯೋ ಮದುವೆಯೋ ಮಾಡುವಾಗ ಶಂಕರಪುರದ ಮಲ್ಲಿಗೆಯೇ ಆಗಬೇಕು. ವಿಮಾನದಲ್ಲಿ ಬಂದ ಪಾರ್ಸೆಲ್ ಬಿಡಿಸಿಕೊಂಡು ಬರುವ ಕೆಲಸ ಪ್ರತಿ ಸಲವೂ ಭಾವನಿಗೆ. "ಅಮ್ಮ ಬೆಳಿಗ್ಗೆ ಕಟ್ಟಿದ ಹೂ ಅಂತ ಆಸೆಯಲ್ಲಿ ಬಿಚ್ಚಿದರೆ ಅಂಚೆಲ್ಲ ಕಂದು. ಚಹಾ ಹುಡಿಯಲ್ಲಿ ಹೊರಳಾಡಿಸಿದ ಹಾಗೆ" ಎಂದು ಅವರು ಈಗಲೂ ಹೇಳುತ್ತಾರೆ. ತಣ್ಣಗಿನ ಯಂತ್ರಗಳ ಜೊತೆಯೇ ಬದುಕಿದವರಾದ್ದರಿಂದ, ಎಸಳಿನ ಮೇಲೆ ಉಳಿದ ನೀರಿಗೆ ತಂಪು ತಾಗಿ ಹೀಗಾಗುತ್ತದೆ ಎಂದು ಅವರಿಗೆ ಅನುಮಾನ ಬಂತು.

ಊರಿಗೆ ಬಂದವರು ಹಿತ್ತಿಲಲ್ಲಿ ಕುಳಿತು ಒಂದು ಪೆಟ್ಟಿಗೆ ಮಾಡಿದರು. ನಮ್ಮಲ್ಲಿ ಮಲ್ಲಿಗೆ ಕಟ್ಟುವುದು ಬಾಳೆನಾರಿನಲ್ಲಿ. ಭಾವ ಆ ನಾರಿನ ತುದಿಯನ್ನು ಉದ್ದ ಬಿಟ್ಟು, ಪೆಟ್ಟಿಗೆಯ ಒಂದು ಬದಿಯಲ್ಲಿಟ್ಟ ಒದ್ದೆ ಹತ್ತಿಗೆ ಸಿಕ್ಕಿಸಿದರು. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನಾರು ನೀರೆಳೆದುಕೊಂಡು ಹೂವಿನ ತೊಟ್ಟಿಗೆ ಮುಟ್ಟಿಸುತ್ತದೆ. ಹೂವು ಮಾತ್ರ ಜಾಲರಿಯ ಮೇಲೆ ಒದ್ದೆಯಾಗದೆಯೇ ಇರುತ್ತದೆ, ಒಂದು ಹನಿ ನೀರೂ ಎಸಳಿಗೆ ತಾಗುವುದಿಲ್ಲ. ಅಷ್ಟೇ. ಆ ಪೆಟ್ಟಿಗೆಯಲ್ಲಿ ಹೋದ ಹೂವು ಬಿಳಿಯಾಗಿಯೇ ತಲುಪಿತು.

ಉಡುಪಿಯಲ್ಲಿ ಪೆಟ್ಟಿಗೆ ತಯಾರಿಸುವವರೊಬ್ಬರು ನೋಡಿ ಮೆಚ್ಚಿದರು. ಪೇಟೆಂಟ್ ಸಿಕ್ಕಿದರೆ ನಾನು ಮಾಡುತ್ತೇನೆ, ನೀನೇ ನಿಂತು ನೋಡಿಕೋ, ಇಲ್ಲದಿದ್ದರೆ ನಾಳೆಯೇ ಹತ್ತು ಜನ ನಕಲು ಮಾಡುತ್ತಾರೆ, ನನಗೆ ಬೇಡ ಎಂದರು. ಅತ್ತ ಗಲ್ಫಿನ ಹಳೆಯ ಮಾಲೀಕ ಭಾವನ ಜಾಗವನ್ನು ಖಾಲಿ ಇಟ್ಟುಕೊಂಡು ಕರೆಯುತ್ತಿದ್ದ. ಪೇಟೆಂಟ್ ಬಂದರೆ ಭಾವ ಊರಿನಲ್ಲಿ ಇರುತ್ತಾರೆ, ಬಾರದಿದ್ದರೆ ಮತ್ತೆ ವಿಮಾನ ಹತ್ತುತ್ತಾರೆ. ನಾನು ಹೋದಾಗಲೆಲ್ಲ ಅಕ್ಕ, ಕಾಗದ ಎಲ್ಲಿಗೆ ಮುಟ್ಟಿತು ಎಂದು ಕೇಳುತ್ತಿದ್ದಳು. ಅವರ ಮಗಳು ಅಪ್ಪನನ್ನು ಫೋನಿನ ಪರದೆಯಲ್ಲೇ ನೋಡಿ ಬೆಳೆದವಳು. ಈಗಷ್ಟೇ ಅವರ ಹೆಗಲ ಮೇಲೆ ಕುಳಿತು ತೋಟ ಸುತ್ತಲು ಶುರು ಮಾಡಿದ್ದಳು.

ಪೇಟೆಂಟ್ ಸಿಗಬೇಕಾದರೆ ವಸ್ತು ಹೊಸದಾಗಿರಬೇಕು, ಉಪಯೋಗಕ್ಕೆ ಬರಬೇಕು, ಜೊತೆಗೆ ಆ ಕಸುಬು ಬಲ್ಲವರಿಗೆ ಸುಮ್ಮನೆ ಹೊಳೆದುಬಿಡುವಂಥದ್ದು ಆಗಿರಬಾರದು. ಮೊದಲ ಎರಡರಲ್ಲಿ ನಮಗೆ ತೊಂದರೆ ಬರಲಿಲ್ಲ. ಜಗಳ ಎದ್ದದ್ದು ಕೊನೆಯದರಲ್ಲಿ. ಚೆನ್ನೈಯ ಪೇಟೆಂಟ್ ಕಚೇರಿಯ ಅಧಿಕಾರಿ ಎರಡು ಹಳೆಯ ದಾಖಲೆಗಳನ್ನು ಎತ್ತಿಕೊಂಡರು. ಒಂದರಲ್ಲಿ ವಿದೇಶದ ಗುಲಾಬಿಯ ಪೆಟ್ಟಿಗೆ, ದಂಟನ್ನು ಒದ್ದೆ ಸ್ಪಂಜಿಗೆ ಚುಚ್ಚಿಡುವುದು. ಇನ್ನೊಂದರಲ್ಲಿ ಹಣ್ಣಿನ ಪೆಟ್ಟಿಗೆ, ಜಾಲರಿಯ ಮೇಲೆ ಒದ್ದೆಯಾಗದ ಹಾಗೆ ಇಡುವುದು. ಇದನ್ನೂ ಅದನ್ನೂ ಸೇರಿಸಿದರೆ ನಿಮ್ಮ ಪೆಟ್ಟಿಗೆ ಆಯಿತು, ಯಾರಿಗಾದರೂ ಹೊಳೆಯುವ ಸಂಗತಿ ಎಂದು ಬರೆದರು. ನಾನು ಉತ್ತರ ಕೊಟ್ಟೆ. ಅರ್ಜಿ ತಿರಸ್ಕಾರವಾಯಿತು.

ಆದೇಶದ ಇ-ಮೇಲನ್ನು ಪ್ರಿಂಟ್ ತೆಗೆದು ಮೇಡಂ ಎದುರಿಗೆ ಇಟ್ಟೆ. ನಾನೇ ಬರೆದು, ನಾನೇ ಸಲ್ಲಿಸಿದ ಮೊದಲ ಅರ್ಜಿ ಅದು. ಮೇಡಂ ಕನ್ನಡಕ ಏರಿಸಿ ಇಡೀ ಆದೇಶ ಓದಿದರು. "ಇವರು ಕೊನೆಯ ಪುಟದಲ್ಲಿ ಉತ್ತರ ನೋಡಿ ಲೆಕ್ಕ ಮಾಡಿದ್ದಾರೆ. ಪೆಟ್ಟಿಗೆ ಕಣ್ಣೆದುರು ಉಂಟು, ಈಗ ಎಲ್ಲ ಸುಲಭವೇ ಕಾಣ್ತದೆ. ಮೇಲ್ಮನವಿ ಹಾಕುವ. ಆದರೆ ಹೂವಿನ ಕಸುಬಿನವರ ಬಾಯಿಂದ ಒಂದು ಅಫಿಡವಿಟ್ ಬೇಕು. ನಿನ್ನ ಭಾವನ ಅಮ್ಮ ಇದ್ದಾರಲ್ವಾ? ನೆರೆಯವರದ್ದೂ ತೆಗೆದುಕೋ."

ಭಾವನ ಅಮ್ಮನನ್ನು ನಾನು ಅತ್ತೆ ಎಂದು ಕರೆಯುತ್ತೇನೆ. ಮಲ್ಲಿಗೆ ಗಿಡಗಳ ನಡುವೆಯೇ ಹುಟ್ಟಿ, ಮಲ್ಲಿಗೆಯ ಮನೆಗೇ ಮದುವೆಯಾಗಿ ಬಂದವರು. ಅವರ ಬೆರಳು ಮಾತಾಡುತ್ತಾ ಕಟ್ಟುತ್ತದೆ, ಬೈಯುತ್ತಾ ಕಟ್ಟುತ್ತದೆ, ನಿದ್ದೆ ತೂಗುತ್ತಾ ಕೂಡ ಕಟ್ಟುತ್ತದೆ. ಇವರಿಗಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು ಎಂದುಕೊಂಡು, ಕಚೇರಿಯಲ್ಲಿ ಕುಳಿತು ಚಂದವಾಗಿ ಒಂದು ಅಫಿಡವಿಟ್ ಬರೆದು ಶಂಕರಪುರಕ್ಕೆ ಹೋದೆ.

ಬೆಳಗಿನ ಹೊತ್ತು. ಚಾವಡಿಯಲ್ಲಿ ಅತ್ತೆಯೂ ನೆರೆಯ ಹೆಂಗಸರೂ ಕುಳಿತು ಕಟ್ಟುತ್ತಿದ್ದರು. ಹೂವಿನ ವ್ಯಾಪಾರ ನಡೆಯುವ ಕಟ್ಟೆಗೆ ಹೂವು ತಲುಪಿಸುವ ಗಡಿಬಿಡಿ.

"ಎಂತ ಬರ್ದದ್ದು, ಓದು" ಎಂದರು ಅತ್ತೆ.

ನಾನು ಗಂಟಲು ಸರಿಮಾಡಿಕೊಂಡು ಓದಿದೆ: ನನ್ನ ಮಗ ಕಂಡುಹಿಡಿದ ಈ ವಿಧಾನವು ನನಗಾಗಲಿ, ನಮ್ಮ ಊರಿನ ಇತರರಿಗಾಗಲಿ ಎಂದೂ ಹೊಳೆದಿರಲಿಲ್ಲ, ಇದು ಅಸಾಧಾರಣವಾದುದು.

ಎಂದೂ ನಿಲ್ಲದ ಆ ಬೆರಳು ನಿಂತಿತು. "ಅಸಾಧಾರಣವಾ? ಇವನಾ? ಅದೆಂತ ದೊಡ್ಡ ಸಂಗತಿ! ಬಾಳೆನಾರು ನೀರು ಎಳೀತದೆ ಅಂತ ಯಾರಿಗೆ ಗೊತ್ತಿಲ್ಲ? ನನಗೆ ಮೊದಲೇ ಗೊತ್ತುಂಟು."

ಪಕ್ಕದ ಮನೆಯವರು ತಲೆಯಾಡಿಸಿದರು. "ಹಡೆದವಳೇ ಹಾಗೆ ಹೇಳುವಾಗ ನಾವೆಂತ ಹೇಳುವುದು? ನಮಗೂ ಗೊತ್ತುಂಟು."

"ಅತ್ತೆ, ನೀವು ಹೀಗೆ ಹೇಳಿದರೆ ಕೇಸೇ ಹೋಯ್ತು!"

"ಹೋದರೆ ಹೋಗ್ಲಿ. ಇಲ್ಲದ್ದನ್ನು ಬರ್ದು ರುಜು ಹಾಕುವ ಜಾತಿ ನಾನಲ್ಲ."

ಬಾಗಿಲಿಗೆ ಒರಗಿ ನಿಂತಿದ್ದ ಭಾವ ನಗುತ್ತಿದ್ದರು. "ನೋಡು ಮಾರಾಯ್ತಿ, ನನ್ನ ಅರ್ಜಿಗೆ ಅಡ್ಡ ಬಂದ ಆಫೀಸರ್ ಚೆನ್ನೈಯಲ್ಲಿ ಇರುವುದಲ್ಲ, ನಮ್ಮ ಚಾವಡಿಯಲ್ಲೇ ಇದ್ದಾರೆ." ಅತ್ತೆ ಅವರ ಕಡೆಗೆ ಒಂದು ಖಾಲಿ ಬುಟ್ಟಿ ಎಸೆದರು. ಅವರು ಅದನ್ನು ಹಿಡಿದು ತಲೆಗೆ ಟೋಪಿಯ ಹಾಗೆ ಹಾಕಿಕೊಂಡರು. ಚಾವಡಿ ಇಡೀ ನಕ್ಕಿತು, ನಾನೊಬ್ಬಳನ್ನು ಬಿಟ್ಟು.

ಬಾವಿಕಟ್ಟೆಯ ಹತ್ತಿರ ಅಕ್ಕ ನನ್ನನ್ನು ಕರೆದಳು. "ನಿನಗೆ ಓದಿ ಓದಿ ಮಂಡೆ ಖಾಲಿಯಾಗಿದೆಯಾ? ಅವರು ಮಗನನ್ನು ಯಾವಾಗ ಹೊಗಳಿದ್ದಾರೆ? ಐಟಿಐ ಪಾಸಾದಾಗ ಅದರಲ್ಲಿ ಯಾರೂ ಫೇಲಾಗುವುದಿಲ್ಲ ಅಂದರಂತೆ. ನನ್ನ ಮಗು ಹುಟ್ಟಿದಾಗ ಎಲ್ಲರೂ ಎಷ್ಟು ಚಂದ ಅಂದರೆ, ಇವರು ಮೂಗು ಸ್ವಲ್ಪ ಚಪ್ಪಟೆ ಅಂದರು. ಹೆತ್ತವಳ ಕಣ್ಣೇ ಮೊದಲು ತಾಗುವುದು ಅಂತ ಅವರಿಗೆ ಹೆದರಿಕೆ. ಬಾಯಲ್ಲಿ ಹೇಳಲಿಕ್ಕೇ ಹೆದರುವವರಿಂದ ನೀನು ಬರೆಸಿ, ರುಜು ಹಾಕಿಸಿ, ಮೊಹರು ಒತ್ತಿಸಿ ಕೋರ್ಟಿಗೆ ಕಳಿಸುವುದಾ?"

ನನಗೆ ಇದು ಗೊತ್ತಿಲ್ಲದ್ದೇನಲ್ಲ. ನನಗೆ ಡಿಸ್ಟಿಂಕ್ಷನ್ ಬಂದಾಗ ನನ್ನ ಅಮ್ಮನೂ ಬಂದವರೆದುರು "ಹೇಗೋ ದಾಟಿದಳು" ಎಂದಿದ್ದರು. ನಮ್ಮ ಕಡೆಯ ತಾಯಂದಿರು ಮಕ್ಕಳನ್ನು ಕಾಯುವುದು ಹೀಗೆ. ಇದು ಮಣಿಪಾಲದ ಎ.ಸಿ. ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಯೋಚಿಸಿ ಬರೆಯುವಾಗ ನೆನಪಿಗೆ ಬರುವುದಿಲ್ಲ ಅಷ್ಟೆ.

ಮೇಡಂಗೆ ಫೋನ್ ಮಾಡಿದೆ. ಅತ್ತೆ ಹೇಳಿದ್ದನ್ನು ಯಥಾವತ್ತಾಗಿ ಒಪ್ಪಿಸಿದೆ, ನಾರು ನೀರು ಎಳೆಯುವುದು ತಮಗೆ ಗೊತ್ತೆಂದದ್ದೂ ಸೇರಿ. ಬೈಯುತ್ತಾರೆ ಎಂದುಕೊಂಡರೆ ಅವರ ಸ್ವರವೇ ಚುರುಕಾಯಿತು.

"ಗೊತ್ತಿತ್ತು ಅಂದರಾ? ಗೊತ್ತಿದ್ದವರು ಮಾಡಿದ್ದೆಂತ? ಅದನ್ನು ಕೇಳು. ಹೊಳೀತದಾ ಇಲ್ವಾ ಅಂತ ಈಗ ಕೇಳಿದರೆ ಎಲ್ಲರೂ ಹೊಳೀತದೆ ಅಂತಲೇ ಹೇಳುವುದು. ಮಗನ ಸುದ್ದಿಯೇ ಎತ್ತಬೇಡ. ಹೂ ಕಟ್ಟಿದ ಮೇಲೆ ಎಂತ ಮಾಡ್ತಾರೆ, ಅಷ್ಟೇ ಕೇಳಿ ಬರ್ಕೋ."

ಮರುದಿನ ಬರಿಗೈಯಲ್ಲಿ ಹೋಗಿ ಅತ್ತೆಯ ಪಕ್ಕದಲ್ಲಿ ಕುಳಿತೆ. ನಾರು ಸೀಳುವ ಕೆಲಸ ಕೊಟ್ಟರು, ಮಾಡಿದೆ. "ಕಾಲೇಜಿನಲ್ಲಿ ಇದನ್ನು ಕಲಿಸುವುದಿಲ್ವಾ?" ಎಂದು ನನ್ನ ನಾರು ನೋಡಿ ನಕ್ಕರು. ನಗು ಮುಗಿದ ಮೇಲೆ ಕೇಳಿದೆ.

"ಅತ್ತೆ, ಕಟ್ಟಿ ಆದ ಮೇಲೆ ಎಂತ ಮಾಡುವುದು?"

"ನೀರು ಚಿಮುಕಿಸುವುದು. ಮತ್ತೆ ಬಾಳೆಲೆಯಲ್ಲಿ ಸುತ್ತುವುದು."

"ನೀರು ಹಾಕದೆ ಕಳಿಸಿದ್ದುಂಟಾ?"

"ಮರುಳಾ ನಿನಗೆ? ನೀರಿಲ್ಲದೆ ಕಳಿಸಿದರೆ ನಿನ್ನೆಯ ಹೂ ಅಂತ ಕಟ್ಟೆಯಲ್ಲಿ ಮುಖಕ್ಕೆ ಬಿಸಾಡ್ತಾರೆ. ನಾನು ಮದುವೆಯಾಗಿ ಬಂದಾಗ ನನ್ನ ಅತ್ತೆ ಮೊದಲು ಹೇಳಿದ್ದೇ ಅದು. ಹೂವಿಗೆ ನೀರು ಕಡಿಮೆಯಾದರೆ ಮನೆಯ ಮರ್ಯಾದೆ ಹೋಗ್ತದೆ ಅಂತ."

"ದೂರಕ್ಕೆ ಕಳಿಸುವಾಗ?"

"ಆಗ ಇನ್ನೂ ಸ್ವಲ್ಪ ಜಾಸ್ತಿ."

"ಬಾಳೆನಾರು ಎಂತಕ್ಕೆ?"

ಅತ್ತೆ ನನ್ನನ್ನು ಕನಿಕರದಿಂದ ನೋಡಿದರು. "ಕಟ್ಟಲಿಕ್ಕೆ ಮಗಾ. ಮತ್ತೆಂತಕ್ಕೆ?"

ಅಷ್ಟರಲ್ಲಿ ನೆರೆಯವರೆಲ್ಲ ಸೇರಿಕೊಂಡರು. ಒಬ್ಬರು ಕೈಯಿಂದ ಚಿಮುಕಿಸುವವರು, ಒಬ್ಬರು ಒದ್ದೆ ಬಟ್ಟೆ ಹೊದೆಸುವವರು, ಇನ್ನೊಬ್ಬರು ಎಲೆಯನ್ನೇ ನೀರಿನಲ್ಲಿ ಅದ್ದುವವರು. ಯಾವುದು ಒಳ್ಳೆಯದೆಂದು ಅವರವರಲ್ಲೇ ಜೋರು ಜಗಳವಾಯಿತು. ಹೂವನ್ನು ಒದ್ದೆ ಮಾಡದೆಯೇ ಇಡಬೇಕು ಎಂದವರು ಮಾತ್ರ ಒಬ್ಬರೂ ಇಲ್ಲ. ನಾನು ಅವರು ಹೇಳಿದ ಮಾತನ್ನೇ ಬರೆದುಕೊಂಡೆ. ನಾರು ನೀರು ಎಳೆಯುವುದು ಗೊತ್ತುಂಟು ಎಂಬುದನ್ನೂ ಬಿಡಲಿಲ್ಲ. ಮಗ, ಪೆಟ್ಟಿಗೆ, ಅಸಾಧಾರಣ, ಈ ಯಾವ ಶಬ್ದವೂ ಅದರಲ್ಲಿ ಇರಲಿಲ್ಲ. ಓದಿ ಹೇಳಿದಾಗ ಅತ್ತೆ, "ಇದು ಸರಿ. ಇದಕ್ಕೆ ಎಲ್ಲಿ ಬೇಕಾದರೂ ರುಜು ಹಾಕ್ತೇನೆ" ಎಂದರು.

ನೋಟರಿಯ ಹತ್ತಿರ ಕಾಪುವಿಗೆ ಹೋದೆವು. ಅತ್ತೆ ಕಪಾಟಿನಲ್ಲಿಟ್ಟ ರೇಷ್ಮೆ ಸೀರೆ ತೆಗೆದು ಉಟ್ಟಿದ್ದರು. ನೆರೆಯವರೂ ಹಾಗೆಯೇ, ರಿಕ್ಷಾ ತುಂಬ ಮದುವೆಯ ದಿಬ್ಬಣ. "ಓದಿ ಅರ್ಥ ಆಯಿತಾ ಅಮ್ಮ?" ಎಂದು ನೋಟರಿ ಕೇಳಿದರು. "ಹೇಳಿದ್ದೇ ನಾನು. ನನಗೆ ಅರ್ಥ ಆಗದೆ ಮತ್ತೆ ನಿಮಗೆ ಆಗ್ತದಾ?" ಎಂದರು ಅತ್ತೆ. ನೋಟರಿ ನಕ್ಕು ಮೊಹರು ಒತ್ತಿದರು.

ಮೇಲ್ಮನವಿ ಚೆನ್ನೈಯ ಹೈಕೋರ್ಟಿನಲ್ಲಿ. ಅಲ್ಲಿ ನನ್ನಂಥ ಪೇಟೆಂಟ್ ಏಜೆಂಟ್ ವಾದಿಸುವ ಹಾಗಿಲ್ಲ. ಮೇಡಂ ಅಲ್ಲಿಯ ವಕೀಲರೊಬ್ಬರಿಗೆ ಎಲ್ಲ ವಿವರಿಸಿದ್ದರು. ನಾವು ಮಣಿಪಾಲದ ಕಚೇರಿಯಲ್ಲಿ ಕುಳಿತು ಪರದೆಯಲ್ಲಿ ನೋಡಿದೆವು. ಭಾವ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದರು, ಕ್ಯಾಮೆರಾದಲ್ಲಿ ನೀವು ಕಾಣುವುದಿಲ್ಲ ಎಂದು ನಾವು ಎಷ್ಟು ಹೇಳಿದರೂ ಬೆನ್ನು ನೆಟ್ಟಗೆ ಮಾಡಿಕೊಂಡೇ ಕುಳಿತರು. ಪೇಟೆಂಟ್ ಕಚೇರಿಯ ಪರವಾದ ವಕೀಲರು, ದಾರಕ್ಕೆ ನೀರು ತಾಗಿಸುವುದರಲ್ಲಿ ಎಂಥ ಸಂಶೋಧನೆ ಎಂದರು. ನಮ್ಮವರು ಸಾವಧಾನವಾಗಿ ಅತ್ತೆಯ ಅಫಿಡವಿಟ್ಟಿನ ಸಾಲುಗಳನ್ನು ಓದಿದರು. ನಾರು ನೀರೆಳೆಯುವುದು ಇವರಿಗೆಲ್ಲ ಗೊತ್ತಿತ್ತು, ಆದರೂ ತಲೆಮಾರುಗಳಿಂದ ನೀರು ಹಾಕಿದ್ದು ಹೂವಿಗೇ. ಅದನ್ನು ಬಿಟ್ಟು ಉಲ್ಟಾ ಮಾಡಲು ಇವರಿಗೆ ಯಾವ ಕಾರಣವಿತ್ತು ಎಂಬುದನ್ನು ಆದೇಶ ಹೇಳುವುದೇ ಇಲ್ಲ ಎಂದರು. ಶಂಕರಪುರದ ಚಾವಡಿಯ ಮಾತು ಹೈಕೋರ್ಟಿನಲ್ಲಿ ಇಂಗ್ಲಿಷಿನಲ್ಲಿ ಕೇಳುವಾಗ ನನಗೆ ಕಣ್ಣು ತುಂಬಿತು. ಭಾವ ಮಾತ್ರ ಪಿಸುಗುಟ್ಟಿದರು: "ಅಮ್ಮನ ಸ್ವರ ಇಲ್ಲದೆ ಆ ಮಾತಿಗೆ ಖಾರವೇ ಇಲ್ಲ ಅಲ್ವಾ?"

ನ್ಯಾಯಾಲಯ ತಿರಸ್ಕಾರದ ಆದೇಶವನ್ನು ರದ್ದುಮಾಡಿತು. ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟರೆ ಸಾಲದು, ಆ ಕಸುಬಿನವರು ಅವನ್ನು ಯಾಕೆ ಸೇರಿಸುತ್ತಿದ್ದರೆಂದು ಹೇಳಬೇಕು, ಬೇರೊಬ್ಬ ಅಧಿಕಾರಿ ಹೊಸದಾಗಿ ವಿಚಾರಿಸಲಿ ಎಂದಿತು. ಮಾವನಿಗೆ ಹೇಳಿದೆ. "ಬಸ್ಸು ರಿವರ್ಸ್ ಬಂತು ಅಷ್ಟೆ. ಸ್ಟ್ಯಾಂಡಿಗೆ ಇನ್ನೂ ಬರಲಿಲ್ಲ" ಎಂದರು.

ಹೊಸ ಅಧಿಕಾರಿಯ ವಿಚಾರಣೆ ವಿಡಿಯೋದಲ್ಲಿ. ಅಲ್ಲಿ ಮಾತಾಡಬೇಕಾದವಳು ನಾನೇ. ಅವರು ಸಮಾಧಾನದ ಮನುಷ್ಯ, ಆದರೆ ಪ್ರಶ್ನೆ ಹರಿತ. ಗುಲಾಬಿಗೆ ದಂಟು ಹೇಗೋ ಮಲ್ಲಿಗೆಗೆ ನಾರು ಹಾಗೆ, ವ್ಯತ್ಯಾಸ ಏನು ಎಂದು ಕೇಳಿದರು. ನಾನು ಬೆಳಿಗ್ಗೆ ಅಕ್ಕ ಕೊಟ್ಟ ಒಂದು ಮಾಲೆಯನ್ನು ಕ್ಯಾಮೆರಾದೆದುರು ಹಿಡಿದೆ. ನಾರಿನ ಒಂದು ಗಂಟು ಬಿಚ್ಚಿ ತೋರಿಸಿದೆ. "ಸರ್, ದಂಟು ಹೂವಿನ ಅಂಗ. ನಾರು ಬೇರೆ ಗಿಡದ್ದು, ಹೊರಗಿನಿಂದ ಬಂದು ಬರೀ ಕಟ್ಟಿದ್ದು. ಹೂ ಕಟ್ಟುವವರಿಗೆ ಅದು ಹಗ್ಗ. ಹಗ್ಗ ಹೂವಿಗೆ ನೀರು ಕೊಡ್ತದೆ ಅಂತ ಯೋಚಿಸಬೇಕಾದರೆ, ಮೊದಲು ಹೂವಿಗೆ ನೀರು ಹಾಕುವುದನ್ನು ಬಿಡಬೇಕು. ಅದನ್ನು ಬಿಡಲಿಕ್ಕೆ ಇಲ್ಲಿ ಯಾರಿಗೂ ಧೈರ್ಯ ಇರಲಿಲ್ಲ. ಈ ಸಾಕ್ಷಿಗಳು ಹೇಳುವುದು ಅದನ್ನೇ." ಅಧಿಕಾರಿ ಆ ಬಿಚ್ಚಿದ ಗಂಟನ್ನು ಇನ್ನೊಮ್ಮೆ ತೋರಿಸಲು ಹೇಳಿದರು. ತೋರಿಸಿದೆ. ಅಪ್ಪ ಕಲ್ಲು ಒಡೆದದ್ದು, ಅಮ್ಮ ಸೂಪು ಬಡಿದದ್ದು, ಅಕ್ಕ ಶಾಲೆ ಬಿಟ್ಟದ್ದು, ಎಲ್ಲ ಈ ಒಂದು ಗಂಟು ತೋರಿಸಲಿಕ್ಕೇ ಏನೋ ಎಂದು ಆಗ ಅನಿಸಿತು.

ಮಂಜೂರಾದ ಸುದ್ದಿ ಒಂದು ಸಾಧಾರಣ ಮಧ್ಯಾಹ್ನ ಮೇಲ್‌ನಲ್ಲಿ ಬಂತು. ಈಗ ಸರ್ಟಿಫಿಕೇಟ್ ಅಂಚೆಯಲ್ಲಿ ಬರುವುದಿಲ್ಲ, ನಾವೇ ಇಳಿಸಿಕೊಳ್ಳಬೇಕು. ಮಣಿಪಾಲದ ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಕಾಗದದ ಮೇಲೆ ಕಲರ್ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿದೆ. ಅಂಗಡಿಯವನು ಬಿಸಿ ಇದೆ, ಮಡಚಬೇಡಿ ಎಂದ. ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಶಂಕರಪುರಕ್ಕೆ ಇನ್ನೊಂದು. ದಾರಿಯುದ್ದಕ್ಕೂ ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡಿದ್ದೆ.

ಅಂಗಳದಲ್ಲಿ ಭಾವನ ಕೈಗೆ ಕೊಟ್ಟೆ. ಅವರು ಕೈಯನ್ನು ಲುಂಗಿಗೆ ಒರೆಸಿ ಹಿಡಿದು, ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಫೋನ್ ತೆಗೆದು ಗಲ್ಫಿನ ಮಾಲೀಕನಿಗೆ ನಮ್ಮೆದುರೇ ಕರೆ ಮಾಡಿ, ನಾನು ಬರುವುದಿಲ್ಲ, ಜಾಗ ಬೇರೆಯವರಿಗೆ ಕೊಡಿ ಎಂದು ಹಿಂದಿಯಲ್ಲಿ ಹೇಳಿದರು. ಅಕ್ಕ ಒಳಗೆ ಹೋದಳು. ಅವಳು ಅಳುವಾಗ ಯಾರೂ ನೋಡಬಾರದು.

ಭಾವ ಸರ್ಟಿಫಿಕೇಟನ್ನು ಚಾವಡಿಗೆ ಒಯ್ದು ಅಮ್ಮನ ಮುಂದೆ ಹಿಡಿದರು. ಅತ್ತೆಯ ಕೈ ತುಂಬ ಹೂವು. ಕುತ್ತಿಗೆ ಚಾಚಿ ಮೇಲಿನಿಂದ ಕೆಳಗಿನ ತನಕ ನೋಡಿದರು.

"ನಿನ್ನ ಮಗ ದೊಡ್ಡ ಮನುಷ್ಯ ಆದ ಮಾರಾಯ್ತಿ!" ಎಂದರು ಪಕ್ಕದ ಮನೆಯವರು.

"ಎಂತ ದೊಡ್ಡ ಮನುಷ್ಯ?" ಎಂದರು ಅತ್ತೆ, ಕಣ್ಣು ಸರ್ಟಿಫಿಕೇಟಿನಿಂದ ತೆಗೆಯದೆ. "ಸಣ್ಣದಿರುವಾಗಲೂ ಇವನು ಹೀಗೆಯೇ. ಹೂವಿಗೆ ನೀರು ಹಾಕು ಅಂದರೆ ಒಂದು ದಿನವೂ ಹಾಕ್ತಿರಲಿಲ್ಲ. ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು."